ಹಿಂದಿನ ಎಡ ಟೈರು

“ಅಜ್ಜಾರೇ, ಮನೆ ಬಿಟ್ಟೆ, ಊರು ಬಿಟ್ಟೆ, ಇದು ನಾನು ಸೇರಿದ ಮೂರನೇ ಮಠ. ಆದರೂ ಧ್ಯಾನಕ್ಕೆ ಕೂತರೆ ಎದೆಯ ಮೇಲೆ ಯಾರೋ ಕೂತ ಹಾಗೆ ಭಾರ. ನನ್ನ ಸಾಧನೆಯಲ್ಲಿ ಏನು ತಪ್ಪಿದೆ?” ಎಂದು ಗದಿಗೆಪ್ಪ ಕೇಳಿದ.

ಅಜ್ಜ ಮಠದ ಕಟ್ಟೆಯ ಮೇಲೆ ಕೂತು ವಿಭೂತಿ ಗಟ್ಟಿಗಳನ್ನು ಬಿಸಿಲಿಗೆ ಹರವುತ್ತಿದ್ದರು. “ಸಾಧನೆಯ ಮಾತು ಆಮೇಲೆ. ಮೊದಲು ಆ ಕಡೆ ಸರಿದು ಕೂತುಕೋ, ಬಿಸಿಲಿಗೆ ಅಡ್ಡ ಬಂದಿದ್ದೀಯ” ಎಂದರು. ಅವನು ಸರಿದು ಕೂತ ಮೇಲೆ ಕತೆ ಶುರುಮಾಡಿದರು.

ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದ. ಅವನ ಹತ್ತಿರ ಒಂದು ಹಳೇ ದೊಡ್ಡ ಗಾಡಿ ಇತ್ತು, ಜೀಪಿನಂಥದ್ದು. ಹಳೆಯದಾದರೂ ಗಟ್ಟಿಮುಟ್ಟು. ಅವನ ಅಣ್ಣ ಎಲ್ಲಿಗೆ ಹೊರಟರೂ ಅದರ ಹಿಂದಿನ ಸೀಟಿನಲ್ಲಿ ಎಡಗಡೆ ಕೂರುತ್ತಿದ್ದ. ಹಿರಿಯನ ಜಾಗ ಅಂತ ಮನೆಯಲ್ಲಿ ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ.

ಅಣ್ಣನಿಗೆ ದಮ್ಮಿನ ರೋಗ ಹತ್ತಿತು. ಬದುಕುವುದಿಲ್ಲ ಅಂತ ಅವನಿಗೇ ಗೊತ್ತಾಯಿತು. ಘಾಟಿನ ಆಚೆ ಊರಲ್ಲಿ ಅವರ ತಂಗಿ ಇದ್ದಳು. “ಒಂದು ಸಲ ಅವಳ ಮುಖ ನೋಡಬೇಕು, ಕರೆದುಕೊಂಡು ಹೋಗಪ್ಪ” ಅಂದ. ಅವತ್ತು ಪೇಟೆಯಲ್ಲಿ ಹರಾಜು. ವ್ಯಾಪಾರಿಗೆ ದಿನ ಕೆಡಿಸಿಕೊಳ್ಳುವ ಮನಸ್ಸಿರಲಿಲ್ಲ. “ಅಣ್ಣಾ, ಹಿಂದಿನ ಎಡ ಟೈರು ಸವೆದಿದೆ. ಎಂಜಿನ್ನು ಬೇರೆ ಸದ್ದು ಮಾಡುತ್ತಿದೆ. ಘಾಟು ಹತ್ತುವುದಿಲ್ಲ” ಅಂದ. ಟೈರು ಹೊಸದೇ ಇತ್ತು. ಎಂಜಿನ್ನಿಗೂ ಏನೂ ಆಗಿರಲಿಲ್ಲ. ಹತ್ತು ದಿನಕ್ಕೆ ಅಣ್ಣ ತೀರಿಹೋದ.

ತಿಥಿ ಮುಗಿದ ತಿಂಗಳಿಗೇ ಹಿಂದಿನ ಎಡ ಟೈರು ಸವೆಯತೊಡಗಿತು. ಉಳಿದ ಮೂರೂ ಇದ್ದ ಹಾಗೇ ಇದ್ದವು. ಮೇಸ್ತ್ರಿ ಗಾಳಿ ನೋಡಿದ, ಅಲೈನ್‌ಮೆಂಟ್ ನೋಡಿದ, ಸ್ಪ್ರಿಂಗು ನೋಡಿದ. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿಕೊಟ್ಟ. ಎಡಕ್ಕೆ ಬಂದದ್ದೂ ಬೋಳಾಯಿತು. ಅಷ್ಟರಲ್ಲಿ ಎಂಜಿನ್ನಿನ ಸದ್ದೂ ಶುರುವಾಯಿತು. ಏರು ಬಂದರೆ ಸಾಕು, ಎಳೆದೆಳೆದು ಉಸಿರು ಬಿಡುವಂಥ ಸದ್ದು. ಮೇಸ್ತ್ರಿ ಎರಡು ಸಲ ಎಂಜಿನ್ ಬಿಚ್ಚಿದ, ಎರಡು ಸಲ ಕಟ್ಟಿದ. “ಟೈರಿನ ಎರಡೂ ಅಂಚು ತಿಂದುಹೋಗಿವೆ. ಇದು ಭಾರಕ್ಕೆ ಸವೆದದ್ದು. ಹಿಂದೆ ಎಡಗಡೆ ದಿನಾ ಯಾರು ಕೂರುತ್ತಾರೆ?” ಅಂತ ಕೇಳಿದ.

“ಯಾರೂ ಕೂರುವುದಿಲ್ಲ” ಅಂದ ವ್ಯಾಪಾರಿ.

ಅವನ ಗೋದಾಮಿನ ಮುಂದೆಯೇ ಲಾರಿ ತೂಗುವ ಕಾಟಾ ಇತ್ತು. ಮಧ್ಯಾಹ್ನ ಗಾಡಿಯನ್ನು ಅದರ ಮೇಲೆ ನಿಲ್ಲಿಸಿ ಕೆಳಗಿಳಿದ. ಖಾಲಿ ಗಾಡಿ ಎಷ್ಟು ತೂಗಬೇಕೋ ಅಷ್ಟೇ ತೂಗಿತು. ಒಳಗೆ ಹತ್ತಿ ಕೂತ. ಅವನ ತೂಕ ಎಪ್ಪತ್ತು ಕಿಲೋ. ಕಾಟಾದಲ್ಲಿ ಏರಿದ್ದು ನೂರಿಪ್ಪತ್ತು. ಇಳಿದ, ನೂರಿಪ್ಪತ್ತೂ ಇಳಿಯಿತು. ಮತ್ತೆ ಹತ್ತಿದ, ಮತ್ತೆ ಅಷ್ಟೇ. ಕಾಟಾದ ಗುಮಾಸ್ತ ಕಿಟಕಿಯೊಳಗಿಂದ ಅಂಕಿಯನ್ನಷ್ಟೇ ನೋಡುತ್ತಾ, “ಸಾಹುಕಾರ್ರೇ, ಹಿಂದೆ ಕೂತವರಿಗೂ ಇಳಿಯಲಿಕ್ಕೆ ಹೇಳ್ರಿ” ಅಂದ. ಕೊನೆ ದಿನಗಳಲ್ಲಿ ಅಣ್ಣ ಐವತ್ತು ಕಿಲೋಗೆ ಇಳಿದಿದ್ದ.

ವ್ಯಾಪಾರಿಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಒಂದು ಮಾತು ಮಾತ್ರ ಅವನಿಗೆ ಅರ್ಥವಾಯಿತು. ಭಾರ ಗಾಡಿಯಲ್ಲಿ ಇರಲಿಲ್ಲ, ಅವನು ಹತ್ತಿದರೆ ಹತ್ತುತ್ತಿತ್ತು, ಅವನು ಇಳಿದರೆ ಇಳಿಯುತ್ತಿತ್ತು. ಗಾಡಿ ಮಾರಿದರೆ ಬಿಟ್ಟುಹೋಗುವಂಥದ್ದಲ್ಲ ಅದು.

ತಂಗಿಯ ಊರಿಗೆ ಹೋಗುವುದೆಂದರೆ ಅವನಿಗೆ ಇದಕ್ಕಿಂತ ದೊಡ್ಡ ಭಯ. ಗಾಡಿ ಕೆಟ್ಟಿತ್ತು ಎಂಬ ಮಾತನ್ನು ಅವಳು ನಂಬಿದ್ದಳು. ಅವನಿಗೆ ಒಡಹುಟ್ಟಿದವಳು ಅಂತ ಉಳಿದಿದ್ದವಳು ಅವಳೊಬ್ಬಳೇ. ನಿಜ ಹೇಳಿದರೆ ಅವಳೂ ಕೈತಪ್ಪುತ್ತಾಳೆ. ಎಂಟು ದಿನ ಹಿಂದೆಮುಂದೆ ನೋಡಿದ. ಒಂಬತ್ತನೇ ದಿನ ಬೆಳಿಗ್ಗೆ ಬೋಳು ಟೈರಿನಲ್ಲೇ ಹೊರಟ. ಘಾಟಿನುದ್ದಕ್ಕೂ ಆ ಸದ್ದು ಇತ್ತು. ಈ ಸಲ ಅದು ಎಂಜಿನ್ನಿನ ಕಡೆಯಿಂದ ಬರುತ್ತಿರಲಿಲ್ಲ, ಅವನ ಬೆನ್ನ ಹಿಂದಿನಿಂದ ಬರುತ್ತಿತ್ತು.

ಗಾಡಿಯ ಸದ್ದಿಗೆ ತಂಗಿ ಅಂಗಳಕ್ಕೆ ಬಂದಳು. ಅವನು ಇಳಿಯಲಿಲ್ಲ. ಸ್ಟೇರಿಂಗು ಹಿಡಿದುಕೊಂಡೇ, “ತಂಗೀ, ಅವತ್ತು ಗಾಡಿ ಸರಿ ಇತ್ತು. ನಾನೇ ಸುಳ್ಳು ಹೇಳಿದೆ” ಅಂದ.

ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. “ಗಾಡಿ ರಿಪೇರಿಯಾದರೆ ಅಣ್ಣ ಬರುತ್ತಾನೆ ಅಂತ ಹತ್ತು ದಿನ ಬಾಗಿಲಲ್ಲೇ ಕೂತಿದ್ದೆ” ಅಂದಳು. ಆಮೇಲೆ ಅವನ ಮುಖ ನೋಡದೆ ಗಾಡಿಯ ಎಡ ಬದಿಗೆ ಹೋಗಿ, ಹಿಂದಿನ ಬಾಗಿಲು ತೆರೆದು, ಕೈ ಚಾಚಿ, “ಬಾ ಅಣ್ಣಾ” ಅಂದಳು. ಗಾಡಿಯ ಎಡಗಡೆ ನಾಲ್ಕು ಬೆರಳು ಮೇಲೆದ್ದಿತು. ಅವಳು ನಿಧಾನವಾಗಿ, ವಯಸ್ಸಾದವರ ಕೈ ಹಿಡಿದು ನಡೆಸುವವರು ನಡೆಯುವ ಹಾಗೆ, ಒಳಗೆ ಹೋದಳು. ವ್ಯಾಪಾರಿಯನ್ನು ಬಾ ಅನ್ನಲಿಲ್ಲ.

ವಾಪಸು ಬರುವಾಗ ಗಾಡಿ ಸದ್ದೇ ಮಾಡಲಿಲ್ಲ. ವ್ಯಾಪಾರಿಗೆ ನೆಮ್ಮದಿಯಾಯಿತು ಅಂದುಕೊಂಡೆಯಾ? ಇಲ್ಲ. ಅಣ್ಣ ಸತ್ತದ್ದು ಅವನಿಗೆ ಗೊತ್ತಾದದ್ದೇ ಆಗ. ಘಾಟಿನ ನಡುವೆ ಗಾಡಿ ನಿಲ್ಲಿಸಿ ಬಿಕ್ಕಿಬಿಕ್ಕಿ ಅತ್ತ.

ಅಜ್ಜ ಇಷ್ಟು ಹೇಳಿ ಗಟ್ಟಿಗಳನ್ನು ಮಗುಚಿಹಾಕತೊಡಗಿದರು. “ಅಜ್ಜಾರೇ, ಇದು ನಡೆದದ್ದೋ, ನೀವು ಕಟ್ಟಿದ್ದೋ?” ಎಂದು ಗದಿಗೆಪ್ಪ ಕೇಳಿದ.

ಅಜ್ಜ ತಲೆ ಎತ್ತದೆ ಹೇಳಿದರು: “ನೀನು ಬಂದ ದಿನ ನಾನು ನಿನ್ನೊಬ್ಬನ ಊಟಕ್ಕೆ ಎರಡು ಎಲೆ ಹಾಕಿಸಿದ್ದೆ, ಪಕ್ಕದ ಎಲೆ ಯಾರದು ಅಂತ ನೀನು ಕೇಳಲೇ ಇಲ್ಲವಲ್ಲ.”