ಎಲ್ಲವನ್ನೂ ಓದುವ ಮ್ಯಾನೇಜರ್

ಹೆಂಗಸರು ಶೌಚಕ್ಕೆ ಎದ್ದರೂ ಸಂಬಳ ಕತ್ತರಿಸುವ ಗಾರ್ಮೆಂಟ್ಸ್ ಕಾರ್ಖಾನೆ ಅದು. ಹೊಲಿಯುವವರೆಲ್ಲ ಸೇರಿ ಕಾರ್ಖಾನೆಯ ಕಂಪ್ಯೂಟರಿನಿಂದಲೇ ಕಾರ್ಮಿಕ ಇಲಾಖೆಗೆ ದೂರಿನ ಮೇಲ್ ಕಳಿಸುತ್ತಾರೆಂಬ ಸುದ್ದಿ ಮ್ಯಾನೇಜರ್ ವರದರಾಜನ ಕಿವಿಗೆ ಬಿತ್ತು. ಮೇಲ್ ಸರ್ವರ್ ನೋಡಿಕೊಳ್ಳುವ ಚೆಲುವಮ್ಮನ ಮೇಜು ಗುದ್ದಿದ.

"ನಾನು ಒಪ್ಪದೆ ಇಲ್ಲಿಂದ ಒಂದು ಮೇಲೂ ಹೊರಗೆ ಹೋಗಕೂಡದು. ಹೋದರೆ ನೀನೂ ಹೊರಗೆ!"

"ಯಾರದ್ದೂ ಬಿಡಬಾರದಾ ಸಾರ್?"

"ಯಾರಪ್ಪನದ್ದೂ ಬಿಡಬೇಡ!"

ಚೆಲುವಮ್ಮ ಹೇಳಿದಂತೆಯೇ ಮಾಡಿದಳು. ಇನ್ನು ವರದರಾಜ ತನ್ನ ಪಾಸ್‌ವರ್ಡ್ ಹಾಕಿದರೆ ಮಾತ್ರ ಸರ್ವರ್ ಮೇಲನ್ನು ಬಿಡುತ್ತದೆ. ಬಿಡುವಾಗ ಅಡಿಯಲ್ಲಿ "ಓದಿದ್ದೇನೆ, ಒಪ್ಪಿದ್ದೇನೆ. ವರದರಾಜ, ಮ್ಯಾನೇಜರ್" ಎಂದು ಸೇರಿಸುತ್ತದೆ. ಅದನ್ನು ಕಂಡು ಅವನು ಮೀಸೆ ತಿರುವಿದ.

ಮಧ್ಯಾಹ್ನದ ಹೊತ್ತಿಗೆ ಗುಂಡಿಯ ಆರ್ಡರು, ದಾರದ ಬಿಲ್ಲು, ಕ್ಯಾಂಟೀನಿನ ಬೇಳೆ ಲೆಕ್ಕ ಎಲ್ಲವೂ ಅವನ ಮುಂದೆ ರಾಶಿ ಬಿದ್ದವು. ಅಷ್ಟರಲ್ಲಿ ಮಾಲೀಕರ ಫೋನು.

"ಎಲ್ಲಯ್ಯಾ ನಿನ್ನ ರಿಪೋರ್ಟು? ಖರೀದಿದಾರರು ನನ್ನೆದುರೇ ಕೂತಿದ್ದಾರೆ!"

ರಿಪೋರ್ಟನ್ನು ವರದರಾಜ ಬೆಳಿಗ್ಗೆಯೇ ಕಳಿಸಿದ್ದ. ಅದೂ ಅವನದೇ ಒಪ್ಪಿಗೆಗೆ ಕಾಯುತ್ತ ರಾಶಿಯೊಳಗೆ ಬಿದ್ದಿತ್ತು.

"ನನ್ನದನ್ನೂ ಹಿಡಿದಿಟ್ಟಿದ್ದೀಯಲ್ಲೇ!"

"ಯಾರಪ್ಪನದ್ದೂ ಬೇಡ ಅಂದ್ರಲ್ಲ ಸಾರ್. ಒಂದೊಂದೇ ಓದಿ ಬಿಡ್ತೀರೋ, ಎಲ್ಲಾ ಒಟ್ಟಿಗೇ ಬಿಡ್ತೀರೋ?"

"ಎಲ್ಲಾ ಬಿಡು, ಹಾಳಾಗಿ ಹೋಗ್ಲಿ!"

"ನನ್ನ ಕೈಲಿ ಆಗಲ್ಲ ಸಾರ್. ನಿಮ್ಮ ಪಾಸ್‌ವರ್ಡೇ ಬೇಕು."

ವರದರಾಜ ಬೆವರು ಒರೆಸಿಕೊಳ್ಳುತ್ತ ತಾನೇ ಪಾಸ್‌ವರ್ಡ್ ಒತ್ತಿದ. ರಾಶಿಯೆಲ್ಲ ಒಮ್ಮೆಗೇ ಹೊರಟುಹೋಯಿತು.

ಮರುದಿನ ಕಾರ್ಮಿಕ ಅಧಿಕಾರಿ ಜೀಪಿನಿಂದಿಳಿದು ಅವನ ಕೈ ಕುಲುಕಿದರು.

"ಹೆಂಗಸರ ದೂರು ತಲುಪಿತು ಕಣ್ರೀ. ತನ್ನ ಮೇಲಿನ ದೂರನ್ನು ತಾನೇ ಓದಿ, ಒಪ್ಪಿ ಕಳಿಸಿದ ಮ್ಯಾನೇಜರನ್ನು ನಾನು ಕಂಡೇ ಇರಲಿಲ್ಲ. ವಿಚಾರಣೆಯ ಕೆಲಸವೇ ಉಳಿಯಲಿಲ್ಲ. ಹೇಳಿ, ಕತ್ತರಿಸಿದ ಸಂಬಳ ಯಾವಾಗ ಕೊಡ್ತೀರಿ?"