ಇಬ್ಬರು ಜೊತೆಯಾಗಿ ನಡೆಯುವ ಬದು

ಈ ದೃಷ್ಟಾಂತವನ್ನು ನನಗೆ ಮೊದಲು ಹೇಳಿದವರು ಹೊನ್ನಾಳಿ ಕಡೆಯ ನಮ್ಮ ದೊಡ್ಡಮ್ಮ ಹಾಲಮ್ಮ. ನಿಮಗೆ ಯಾರು ಹೇಳಿದರು ಎಂದು ಕೇಳಿದ್ದೆ. "ಊಟಕ್ಕೆ ಕೂತಾಗ ಇದು ಯಾರ ಗದ್ದೆ ಅಕ್ಕಿ ಅಂತ ಕೇಳ್ತೀಯೇನೇ?" ಎಂದರು. ಕೇಳುವುದಿಲ್ಲ, ನಿಜ. ಅವರು ಬಡಿಸಿದಂತೆಯೇ ಇಲ್ಲಿಟ್ಟಿದ್ದೇನೆ.

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ನನ್ನ ಸಿಟ್ಟನ್ನು ನಾನು ದಿನಾ ಗೆಲ್ಲುತ್ತಿದ್ದೇನೆ. ನಿನ್ನೆ ಅಡುಗೆಯವನ ಮೇಲೆ ಬಂದಿತ್ತು, ಗೆದ್ದೆ. ಇವತ್ತು ಪಾಠ ತಪ್ಪಿದ ಕಿರಿಯನ ಮೇಲೆ ಬಂದಿತ್ತು, ಗೆದ್ದೆ. ಇಷ್ಟು ಗೆದ್ದವನು ಹೆಮ್ಮೆ ಪಡಬಹುದೇ?"

"ಪಡಬಹುದಲ್ಲ," ಎಂದರು ಗುರುಗಳು. "ಕೂತುಕೋ, ಒಂದು ಕತೆ ಹೇಳುತ್ತೇನೆ."

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ಕಾಲುವೆಯ ಪಕ್ಕ ಭತ್ತದ ಗದ್ದೆಯಿತ್ತು. ಗದ್ದೆಯ ಸುತ್ತ ಅವನ ಅಜ್ಜ ಹಾಕಿಸಿದ ಬದುವಿತ್ತು. ಆ ಬದು ಇಬ್ಬರು ಹೆಗಲಿಗೆ ಹೆಗಲು ತಾಗಿಸಿಕೊಂಡು ನಡೆಯುವಷ್ಟು ಅಗಲ. ಆ ಸೀಮೆಯಲ್ಲಿ ಮನೆತನವನ್ನು ಅಳೆಯುತ್ತಿದ್ದದ್ದು ಬದುವಿನಿಂದ. ಹೆಣ್ಣು ನೋಡಲು ಬಂದ ಹಿರಿಯರು ಮನೆಗೆ ಹೋಗುವ ಮೊದಲು ಗದ್ದೆಗೆ ಹೋಗುತ್ತಿದ್ದರು. ಬದುವಿನ ಮೇಲೆ ಹೆಣ್ಣಿನ ತಂದೆಯ ಜೊತೆ ಸಮಸಮನಾಗಿ ನಡೆಯುವಂತಿದ್ದರೆ ಮನೆಗೆ ಬಂದು ಮಜ್ಜಿಗೆ ಕುಡಿಯುತ್ತಿದ್ದರು. ಮಜ್ಜಿಗೆ ಕುಡಿದರೆ ಸಂಬಂಧ ಒಪ್ಪಿಗೆ ಎಂದು ಅರ್ಥ.

ಅಗಲವಾದ ಬದು ಮನುಷ್ಯರಿಗೆ ಹೇಗೋ ಹೆಗ್ಗಣಗಳಿಗೂ ಹಾಗೆಯೇ ಮೆಚ್ಚು. ಅವು ಅದರೊಳಗೆ ಬಿಲ ತೋಡಿದವು. ತೆನೆ ಇಡಲು ಒಂದು ಕೋಣೆ, ಮರಿ ಹಾಕಲು ಒಂದು ಕೋಣೆ, ಓಡಿಹೋಗಲು ಒಂದು ಹಿಂಬಾಗಿಲು. ಕಾಳು ಕಟ್ಟುವ ಹೊತ್ತಿಗೆ ತೆನೆಗಳನ್ನು ಕಡಿದು ಒಳಗೆ ಸಾಗಿಸಿದವು.

ರೈತ ಹೆಗ್ಗಣ ಹಿಡಿಯುವುದನ್ನು ಕಲಿತ. ಹಸಿಮಣ್ಣು ಬಿದ್ದಲ್ಲಿ ಬಿಲದ ಬಾಯಿ ಎಂದು ತಿಳಿದ. ಹಿಂಬಾಗಿಲಿಗೆ ಹೆಗ್ಗಣ ತೆಳ್ಳಗೆ ಮಣ್ಣು ಮುಚ್ಚಿರುತ್ತದೆ. ಅದನ್ನು ಬರಿಗಾಲಲ್ಲಿ ತುಳಿದೇ ಕಂಡುಹಿಡಿದ. ಅಲ್ಲಿ ಬಲೆ ಕಟ್ಟಿದ. ತಳಕ್ಕೆ ತೂತು ಕೊರೆದ ಮಡಕೆಯಲ್ಲಿ ಹುಲ್ಲು ಹೊತ್ತಿಸಿ ಬಿಲದ ಬಾಯಿಗೆ ಕವುಚಿ ಊದಿದ. ಹೊಗೆಗೆ ಕಂಗೆಟ್ಟ ಹೆಗ್ಗಣ ಬಲೆಗೆ ಹಾರಿತು. ಅವನ ದೊಣ್ಣೆ ಗುರಿ ತಪ್ಪಿದ್ದಿಲ್ಲ. ಊರು ಅವನನ್ನು ಹೆಗ್ಗಣದ ಯಮ ಎಂದು ಕರೆಯಿತು. ಅವನು ಆ ಹೆಸರನ್ನು ರುಮಾಲಿನಂತೆ ತಲೆಯ ಮೇಲಿಟ್ಟುಕೊಂಡು ತಿರುಗಿದ.

ಬಿಲ ಅಗೆದಾಗ ಸಿಕ್ಕ ತೆನೆಗಳನ್ನು ಮನೆಗೆ ತಂದು, ಕುಟ್ಟಿಸಿ, ಪಾಯಸ ಮಾಡಿಸಿ ನೆಂಟರಿಗೆ ಬಡಿಸುತ್ತಿದ್ದ. "ಬೇಟೆಯ ಅಕ್ಕಿ, ಉಣ್ಣಿ" ಎನ್ನುತ್ತಿದ್ದ.

"ನಮ್ಮ ಭತ್ತವೇ ನಮಗೆ ಉಡುಗೊರೆ ಬಂದಿದೆ," ಎಂದು ಅವನ ಹೆಂಡತಿ ಅಡುಗೆಮನೆಯಿಂದಲೇ ಅನ್ನುತ್ತಿದ್ದಳು. "ಆರತಿ ಎತ್ತಲೇನು?"

ಅವರ ಮಗಳು ಮದುವೆಯ ವಯಸ್ಸಿಗೆ ಬಂದಳು. ಪಕ್ಕದ ಊರಿನ ಒಳ್ಳೆಯ ಮನೆತನದವರು ನೋಡಲು ಬರುವ ಸುದ್ದಿ ಬಂತು. ನಾಟಿಗೆ ಮುಂಚೆ ಹೆಂಡತಿ ಹೇಳಿದಳು: "ಈ ಸಲವಾದರೂ ಬದು ಕೆತ್ತಿ ಸಣ್ಣ ಮಾಡಿ. ಹೆಗ್ಗಣಕ್ಕೆ ತೋಡಲು ಜಾಗವೇ ಇಲ್ಲದ ಹಾಗೆ."

"ಹುಚ್ಚಿ! ಬೀಗರು ಒಬ್ಬರ ಹಿಂದೊಬ್ಬರು ಕುರಿಗಳ ಹಾಗೆ ನಡೆಯಬೇಕೇನು? ನಮ್ಮ ಮಾನ ಇರುವುದೇ ಆ ಬದುವಿನಲ್ಲಿ."

"ಹಾಗಾದರೆ ನಮಗಿಂತ ಹೆಗ್ಗಣ ಮಾನವಂತ. ಅದು ಅಲ್ಲೇ ಸಂಸಾರ ಹೂಡಿದೆ."

ರೈತ ಬದು ಮುಟ್ಟಲಿಲ್ಲ.

ತೆನೆ ಬಾಗಿದ ಕಾಲಕ್ಕೆ ಗಂಡಿನ ಕಡೆಯವರು ಬಂದರು. ಹಿರಿಯನೊಬ್ಬ ರೈತನ ಜೊತೆ ಬದುವಿನ ಮೇಲೆ ನಡೆದ. ಇಬ್ಬರೂ ಸಮಸಮ. ರೈತನ ಎದೆ ತುಂಬಿತು. ಅರ್ಧ ದಾರಿಯಲ್ಲಿ ಟೊಳ್ಳಾಗಿದ್ದ ಬದು ಕುಸಿಯಿತು. ಹಿರಿಯ ತೊಡೆಮಟ್ಟ ಹೂತುಹೋದ. ಅವನ ಮಗ್ಗುಲಿಂದಲೇ ಕೋಳಿಯಷ್ಟು ದಪ್ಪದ ಹೆಗ್ಗಣವೊಂದು ಹೊರಗೆ ನುಗ್ಗಿತು. ರೈತ ಹಿರಿಯನ ಕೈ ಹಿಡಿಯುವ ಮೊದಲು ಹೆಗ್ಗಣದ ಬಾಲ ಹಿಡಿದ. ಒಂದೇ ಏಟಿಗೆ ಕೊಂದು ಎತ್ತಿ ತೋರಿಸಿದ.

ಹಿರಿಯ ಕೆಸರಿನಲ್ಲಿ ನಿಂತೇ ನೋಡಿದ. "ಭೇಷ್. ಕೈ ಪಳಗಿದೆ. ದಿನಾ ಸಿಗುತ್ತವೆಯೇ?"

"ದಿನಾ!" ಎಂದ ರೈತ. "ಸಿಗದ ದಿನವೇ ಇಲ್ಲ."

ಹಿರಿಯ ತಾನೇ ಮೇಲೆ ಹತ್ತಿ ಬಂದ. ಕಾಲುವೆಯಲ್ಲಿ ಕಾಲು ತೊಳೆದುಕೊಂಡ. ಮಜ್ಜಿಗೆ ಕುಡಿಯದೆ ತನ್ನವರನ್ನು ಕರೆದುಕೊಂಡು ಹೋದ.

"ಬದು ಅಗಲವಿತ್ತು, ಹೆಗ್ಗಣವನ್ನೂ ಹಿಡಿದು ತೋರಿಸಿದೆ. ಯಾಕೆ ಹೋದರು?" ಎಂದು ರೈತ ಹೆಂಡತಿಯನ್ನು ಕೇಳಿದ. ಯಾವ ಮಾತಿಗೂ ಉತ್ತರ ಬಾಕಿ ಇಡದ ಹೆಂಡತಿ ಅಂದು ಸುಮ್ಮನೆ ಮಜ್ಜಿಗೆಯನ್ನು ಗಡಿಗೆಗೆ ಸುರಿದಳು. ರೈತ ಜಗಲಿಯ ಮೇಲೆ ಕೂತು ತನ್ನ ಮಾತನ್ನೇ ಒಮ್ಮೆ ಹೇಳಿ ನೋಡಿದ: "ದಿನಾ." ಇನ್ನೊಮ್ಮೆ ಹೇಳಿದ. ಈ ಸಲ ಎದೆ ಉಬ್ಬಲಿಲ್ಲ.

ಕೊಯ್ಲು ಮುಗಿಯಿತು. ರೈತ ಗುದ್ದಲಿ ತೆಗೆದುಕೊಂಡು ಹೋಗಿ ಬದು ಕೆತ್ತಿದ. ಅಜ್ಜನ ಮಣ್ಣು ಗಟ್ಟಿಯಿತ್ತು. ಅವನ ಮನಸ್ಸು ಅದಕ್ಕಿಂತ ಗಟ್ಟಿಯಿತ್ತು. ಒಂದೊಂದು ಮಂಕರಿ ಮಣ್ಣು ಹೊರುವಾಗಲೂ ದಾರಿಹೋಕರು ಕೇಳಿದರು: "ಏನ್ ಯಜಮಾನ್ರೇ, ಮನೆತನ ಸವೆಸ್ತಾ ಇದ್ದೀರಾ?" ಅವನು ತಲೆ ಎತ್ತಲಿಲ್ಲ. ಕೆತ್ತಿದ ಮಣ್ಣನ್ನು ಗದ್ದೆಯ ತಗ್ಗಿಗೆ ತುಂಬಿದ. ಬದುವಿದ್ದ ಜಾಗದಲ್ಲೂ ತಗ್ಗಿನಲ್ಲೂ ಪೈರು ನಿಂತಿತು. ಒಂದು ಹೆಜ್ಜೆ ಅಗಲದ ಬದುವಿನಲ್ಲಿ ಹೆಗ್ಗಣಕ್ಕೆ ಕೋಣೆ ಕಟ್ಟಲು ಮಣ್ಣು ಸಾಲಲಿಲ್ಲ. ಅವು ಬೇರೆ ಕಡೆ ಹೋದವು.

ಮರುವರ್ಷ ಬೇರೊಂದು ಮನೆಯವರು ಹೆಣ್ಣು ನೋಡಲು ಬಂದರು. ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆದರು. ಪಕ್ಕದಲ್ಲಿ ಮಾತಿಗೆ ಯಾರೂ ಇಲ್ಲದ್ದರಿಂದ ಎಲ್ಲರೂ ಪೈರು ನೋಡಿದರು. ಕಡಿದ ತೆನೆ ಒಂದೂ ಇರಲಿಲ್ಲ. ಕೊನೆಯಲ್ಲಿ ಬರುತ್ತಿದ್ದ ಗಂಡಿನ ಸೋದರತ್ತೆ ಕೂಗಿ ಕೇಳಿದಳು: "ಅಣ್ಣಾ, ಹೆಗ್ಗಣ ಹಿಡಿಯೋದರಲ್ಲಿ ನಿಮ್ಮದು ಎತ್ತಿದ ಕೈ ಅಂತೆ. ಒಂದನ್ನು ಹಿಡಿದು ತೋರಿಸಿ, ನೋಡೋಣ."

"ಈಗ ಆಗಲ್ಲ ತಾಯಿ," ಎಂದ ರೈತ. "ನನ್ನ ಬಲೆಯ ಮೇಲೆ ಕೋಳಿ ಕಾವಿಗೆ ಕೂತಿದೆ."

ಹಾಗೆ ಹೇಳುವಾಗ ಅವನ ತಲೆ ಎಷ್ಟು ಎತ್ತರವಿತ್ತೆಂದರೆ, ಹೆಗ್ಗಣದ ಯಮನಾಗಿದ್ದಾಗಲೂ ಅಷ್ಟು ಎತ್ತರ ಇರಲಿಲ್ಲ. ಮಗಳು ಹುಡುಗನನ್ನು ನೋಡಿ ಒಪ್ಪಿದಳು. ಬಂದವರು ಮಜ್ಜಿಗೆ ಕುಡಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ನಾನು ಹೆಮ್ಮೆ ಪಡಬಾರದೇ?"

"ಪಡು. ಆದರೆ ನಿನ್ನ ಸಿಟ್ಟು ಯಾವ ಹೆಮ್ಮೆಯೊಳಗೆ ಬಿಲ ತೋಡಿದೆ, ಅದನ್ನು ಮೊದಲು ಹೇಳು," ಎಂದರು ಗುರುಗಳು.



ಕೇಳಿದ ನೀವು ಇದನ್ನು ಇನ್ನೊಬ್ಬರಿಗೆ ದಾಟಿಸಿ. ಅವರಿಗೆ "ನಿಮಗಾಗಿಯೇ ಹೇಳುತ್ತಿದ್ದೇನೆ" ಎಂದು ಮಾತ್ರ ಅನ್ನಬೇಡಿ.