ಹುಲಿಗೆವ್ವನ ಮದ್ದಿನ ಬಟ್ಟೆ

ನಮ್ಮ ಅಜ್ಜನ ಅಜ್ಜನೂ ಹುಟ್ಟದ ಕಾಲ. ಕೆಂಚಿನಾಳ ಅನ್ನುವ ಊರಿನಲ್ಲಿ ನೇಕಾರ ಕರಿವೀರಪ್ಪನ ಕೈಯಿಂದ ಲಾಳಿ ಜಾರಿ ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು. ಕೈ ನಡುಗುತ್ತಿತ್ತು.

ವರ್ಷದೊಳಗೆ ನಡುಕ ಮೈಗೆಲ್ಲ ಏರಿತು. ಮುಖ ಮರದಂತಾಯಿತು. ಗಂಟಲು ನುಂಗುವುದನ್ನೇ ಮರೆಯಿತು. ವೈದ್ಯರು ಕುಡಿಸಿದ ಕಷಾಯವೆಲ್ಲ ಕಟವಾಯಿಯಿಂದ ಹೊರಗೆ ಹರಿಯಿತು.

ಸೀರೆಯ ಒಡಲಿಗೆ ಸೆರಗನ್ನು ಎಳೆಗೆಳೆ ಕೊಂಡಿ ಹಾಕಿ ಕೂಡಿಸುವ ವಿದ್ಯೆ ಆ ಸೀಮೆಗೆಲ್ಲ ಅವನೊಬ್ಬನಿಗೇ ಗೊತ್ತಿತ್ತಂತೆ. ಮಗಳು ನಾಗಲವ್ವ ಅರ್ಧ ಕಲಿತಿದ್ದಳು. ಉಳಿದರ್ಧ ಅವನ ಬೆರಳಲ್ಲಿತ್ತು. ಅವನೊಂದಿಗೆ ಅದೂ ಮಣ್ಣಾಗುತ್ತದೆ ಎಂದು ಆಕೆಗೆ ಅನ್ನ ಸೇರದಾಯಿತು.

ಹಳ್ಳ ದಾಟಿ ಹೋಗಿ ಹುಲಿಗೆವ್ವನನ್ನು ಕರೆತಂದಳು. ಹುಲಿಗೆವ್ವ ಕುರಿ ಕಾಯುವವಳು. ಗುಡ್ಡದ ಗಿಡವೆಲ್ಲ ಅವಳಿಗೆ ಪರಿಚಯ. ಬೇರೆ ವೈದ್ಯರು ಬಾಯಿ ತೆಗೆಸುತ್ತಿದ್ದರು. ಅವಳು ಚರ್ಮ ಮುಟ್ಟಿ ನೋಡುತ್ತಿದ್ದಳು. ಬಾಯಿ ಮುಚ್ಚಿದರೇನು, ಮೈಯೆಲ್ಲ ಬಾಗಿಲೇ ಅನ್ನುತ್ತಿದ್ದಳಂತೆ.

"ಇದು ಹೋಗೂ ರೋಗಲ್ಲ. ಒಂದೆರಡು ವರ್ಷ ತಡೀತೀನಿ. ಅಷ್ಟರಾಗ ಕಲಕೋ," ಎಂದಳು.

ನಸುಗುನ್ನಿಯ ಕಾಯಿ ತಂದಳು. ಊರು ನಕ್ಕಿತು. ಆ ಕಾಯಿ ಮುಟ್ಟಿದವರು ಮೈಯೆಲ್ಲ ಕೆರೆದುಕೊಳ್ಳುತ್ತಾರೆ.

"ಮುದುಕ ನಡಗೂದು ಬಿಟ್ಟು ಕುಣೀತಾನ ನೋಡ್ರಿ," ಎಂದ ನೆರೆಮನೆಯ ಸಂಕ್ರಪ್ಪ.

"ನಿನಗೂ ಚೂರು ಹಚ್ಚತೀನಿ, ಬಾರೋ."

ಸಂಕ್ರಪ್ಪ ಒಳಗೆ ಹೋದ.

ಹುಲಿಗೆವ್ವ ಕಾಯಿಯ ರೋಮ ಸುಟ್ಟಳು. ಬೀಜ ಬೇಯಿಸಿ, ಒಂದೆಲಗದ ರಸದಲ್ಲಿ ಅರೆದು, ಕುಸುಬಿ ಎಣ್ಣೆಯಲ್ಲಿ ಕಾಯಿಸಿದಳು. ತೆಳು ಬಟ್ಟೆಗೆ ಬಳಿದು ಅವನ ಕತ್ತಿನ ಹಿಂದೆ, ಹೆಡಕಿಗೆ ಹಾಕಿದಳು. ದಿನಕ್ಕೊಮ್ಮೆ ಬದಲಿಸು ಎಂದು ಹೇಳಿ ಕುರಿಯ ಹಿಂದೆ ಹೋದಳು.

ಹದಿನೈದು ದಿನ ಕಳೆಯಿತು. ಏನೂ ಆಗಲಿಲ್ಲ. ನಾಗಲವ್ವ ಗುಡ್ಡಕ್ಕೆ ಹೋಗಿ ಅತ್ತಳು. ಹುಲಿಗೆವ್ವ ಬಂದು ಬಟ್ಟೆ ಕಿತ್ತಳು. ಅದು ಹಪ್ಪಳದಂತೆ ಗರಿಗರಿಯಾಗಿತ್ತು.

"ಇದೇನಬೇ?"

"ಗಂಜಿ, ಯವ್ವಾ. ಬಟ್ಟಿ ಜಾರತಿತ್ತು. ಹೆಡಕಿಗೆ ಗಂಜಿ ಬಳದು ಅಂಟಿಸಿದೆ."

"ನಿಮ್ಮಪ್ಪನ ಹೆಡಕು ನೂಲು ಅಂತ ತಿಳದೀಯೇನ? ಬಾಗಲಾ ಹಾಕಿ ಅಗಳಿ ಜಡದೀಯಲ್ಲ, ಮದ್ದು ಹ್ಯಾಂಗ ಒಳಗ ಹೋಗಬೇಕು?"

ನೇಕಾರರ ಮನೆ. ಅಲ್ಲಿ ಎಲ್ಲದಕ್ಕೂ ಗಂಜಿಯೇ. ನಾಗಲವ್ವನಿಗೆ ಅದು ತಪ್ಪೆನಿಸಿರಲೇ ಇಲ್ಲ.

ಹುಲಿಗೆವ್ವ ಬಿಸಿನೀರಿನಲ್ಲಿ ಗಂಜಿ ತೊಳೆದಳು. ಚರ್ಮ ಕೆಂಪಾಗುವವರೆಗೆ ಉಜ್ಜಿದಳು. ಹೊಸ ಮದ್ದು ಹಾಕಿ, ಮೇಲೆ ಔಡಲ ಎಲೆ ಬೆಚ್ಚಗೆ ಮಾಡಿ ಕಟ್ಟಿದಳು. ಈ ಸಲ ಹೋಗಲಿಲ್ಲ. ಕುರಿಯನ್ನು ತನ್ನ ಅಣ್ಣನಿಗೆ ಒಪ್ಪಿಸಿ ನೇಕಾರನ ಮನೆಯ ಕಟ್ಟೆಯ ಮೇಲೆ ಕೂತಳು.

ಒಂಬತ್ತನೆಯ ದಿನ ಕರಿವೀರಪ್ಪ ಲಾಳಿ ಕೇಳಿದ. ಕೈ ನಡುಗಲೇ ಇಲ್ಲ ಅನ್ನುತ್ತಾರೆ. ನಡುಗಿತು, ಎಳೆ ಮಾತ್ರ ತಪ್ಪಲಿಲ್ಲ ಅನ್ನುವವರೂ ಇದ್ದಾರೆ. ಮುದುಕ ಕೊಂಡಿ ಹಾಕುವುದನ್ನು ನೋಡಲು ಏಳು ಊರಿನ ನೇಕಾರರು ಬಂದು ನಿಂತರಂತೆ. ಕುರಿ ಕಾಯುವ ಹೆಣ್ಣಿಗೆ ದೊಡ್ಡ ವೈದ್ಯರು ಎದ್ದು ಜಾಗ ಬಿಟ್ಟರಂತೆ.

ಎರಡು ವರ್ಷ ಅವನು ನೇಯ್ದ. ನಾಗಲವ್ವ ಕೊನೆಯ ಕೊಂಡಿಯವರೆಗೂ ಕಲಿತಳು. ಮೂರನೆಯ ವರ್ಷ ಕರಿವೀರಪ್ಪ ಸತ್ತ. ಹುಲಿಗೆವ್ವ ಕುರಿಯ ಹಿಂದೆ ಹೊರಟುಹೋದಳು.

ಕೆಂಚಿನಾಳದಲ್ಲಿ ಈಗಲೂ ನೂಲಿಗೆ ಗಂಜಿ ಹೊಡೆಯುವ ದಿನ ಒಂದು ಗೇಣನ್ನು ಗಂಜಿ ಮುಟ್ಟಿಸದೆ ಹಾಗೇ ಬಿಡುತ್ತಾರೆ. ಅದನ್ನು ಹುಲಿಗೆವ್ವನ ಗೇಣು ಎನ್ನುತ್ತಾರೆ.